ಬೆಸುಗೆ ಹಾಕಿದ ಹಲ್ಲು

ಬೆಟಗೇರಿಯ ದಸ್ತಗೀರಸಾಬನ ಸಿಟ್ಟು ಊರಿಗೆಲ್ಲ ಗೊತ್ತಿದ್ದದ್ದೇ. ನಟ್ಟು ಸರಿಯಾಗಿ ಕೂರದಿದ್ದರೆ ನಟ್ಟಿನ ಮೇಲೆ ಸಿಟ್ಟು, ಹಿಂದೆ ಅದನ್ನು ಅಡ್ಡಾದಿಡ್ಡಿ ತಿರುವಿ ಹಾಳು ಮಾಡಿದವನ ಮೇಲೆ ಸಿಟ್ಟು, ಅಂಥವನ ಕೈಗೆ ನಟ್ಟು ತಿರುವುವ ಪಾನಾ ಕೊಟ್ಟ ಉಸ್ತಾದನ ಮೇಲೂ ಸಿಟ್ಟು. “ಎಲ್ಲಾರಿಗೂ ಮೂಗಿನ ತುದೀಗೆ ಸಿಟ್ಟಿರತೈತಿ, ನಮ್ಮವರಿಗೆ ಸಿಟ್ಟಿನ ತುದೀಗೆ ಮೂಗೈತಿ” ಎಂದು ಅವನ ಹೆಂಡತಿ ಮಾಸುಮಬಿ ನೀರಿಗೆ ಹೋದಲ್ಲಿ ಹೇಳಿ ಹೆಂಗಸರನ್ನು ನಗಿಸುತ್ತಿದ್ದಳು. ಆದರೆ ಕೆಲಸದಲ್ಲಿ ಅವನಿಗೆ ಸಮನಾದವನು ಗದಗಿನಲ್ಲೂ ಇರಲಿಲ್ಲ, ಬೆಟಗೇರಿಯಲ್ಲೂ ಇರಲಿಲ್ಲ. ದೊಡ್ಡ ಯುದ್ಧದ ಹೊತ್ತಿಗೆ ಫೌಜಿಗೆ ಫಿಟ್ಟರನಾಗಿ ಸೇರಿ, ಈಜಿಪ್ತಿನ ಮರಳಿನಲ್ಲಿ ಮೂರು ವರ್ಷ ಲಾರಿಗಳ ಹೊಟ್ಟೆಯಡಿ ಮಲಗಿ ಬಂದವನು. ತಿರುಗಿ ಬಂದ ಮೇಲೆ ಹತ್ತಿ ಜಿನ್ನಿನ ಗೋಡೆಗೆ ಆತು ಒಂದು ತಗಡಿನ ಶೆಡ್ಡು ಹಾಕಿಕೊಂಡ.

ಆ ಶೆಡ್ಡಿಗೆ ನಲವತ್ತೊಂಬತ್ತರಲ್ಲಿ ಒಂದು ಹಳೆಯ ಫೌಜಿ ಲಾರಿ ಬಂತು. ತಂದವನು ಶಿರಹಟ್ಟಿಯ ಲಕ್ಷ್ಮಪ್ಪ. ಅಲ್ಲಿಯವರೆಗೆ ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲ ಸಂಸ್ಥಾನದವರ ಕೈಯಲ್ಲಿದ್ದವು. ಸಂಸ್ಥಾನ ಹೋಗಿ ಮುಂಬಯಿ ಸರಕಾರದ ರಸ್ತೆ ಕೆಲಸ ಶುರುವಾಗುತ್ತದೆ ಎಂಬ ವಾಸನೆ ಹಿಡಿದು, ಪುಣೆಯ ಲಿಲಾವಿನಲ್ಲಿ ಸವಾಲು ಕೂಗಿ ಈ ಲಾರಿ ಕೊಂಡು, ಲಕ್ಷ್ಮಪ್ಪ ರಸ್ತೆಗೆ ಹಾಸುವ ಖಡಿಕಲ್ಲು ಸಾಗಿಸುವ ಗುತ್ತೇದಾರನಾಗಿದ್ದ. ಲಾರಿ ಹಳೆಯದಾದರೂ ಗಟ್ಟಿ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವಂಥದು. ಅದನ್ನು ನಡೆಸಲು ಹೊಂಬಳದ ಮೂಕಪ್ಪ ಡ್ರೈವರನಾಗಿ ಬಂದ. ಲಾರಿ ಕೆಟ್ಟಾಗಲೆಲ್ಲ ಶೆಡ್ಡಿಗೆ ಬಂದು ಕೂತು, ದಸ್ತಗೀರಸಾಬನ ಬೈಗುಳ ಕೇಳುತ್ತ ಅವನ ರೊಟ್ಟಿಯಲ್ಲಿ ಪಾಲು ತಿಂದು, ಆರು ವರ್ಷಗಳಲ್ಲಿ ಅವನಿಗೆ ಇದ್ದೊಬ್ಬ ದೋಸ್ತನಾದ.

ಐವತ್ತೈದರ ಮಳೆಗಾಲ ಜೋರಾಗಿತ್ತು. ಮುಂಡರಗಿ ಕಡೆಯ ರಸ್ತೆಗೆ ಕಪ್ಪತಗುಡ್ಡದ ಮೇಲಿನಿಂದ ಖಡಿ ಹೇರಬೇಕಿತ್ತು. ಗುಡ್ಡದ ಇಳಿಜಾರು ಬರೀ ಕಲ್ಲು. ಅದು ಮುಗಿದ ಮೇಲೆ ಒಂದೂವರೆ ಮೈಲಿ ಎರೆಹೊಲ. ಮಳೆ ಬಿದ್ದ ಎರೆಮಣ್ಣು ಅಂದರೆ ಆನೆಯನ್ನೂ ಹಿಡಿದು ನಿಲ್ಲಿಸುವಂಥದು. ವಾರಕ್ಕೆ ಎರಡು ಸಲ ಲಾರಿ ಅದರಲ್ಲಿ ಹುಗಿದುಕೊಳ್ಳುತ್ತಿತ್ತು. ಒಂದು ಹಿಂದಿನ ಗಾಲಿ ಗಿರಗಿರ ತಿರುಗಿ ಕೆಸರು ಹಾರಿಸುತ್ತಿತ್ತು, ಇನ್ನೊಂದು ಸತ್ತವರ ಹಾಗೆ ಸುಮ್ಮನಿರುತ್ತಿತ್ತು. ಮುಂದಿನ ಜೋಡಿಯದೂ ಅದೇ ಕಥೆ. ಎಂಟು ಜೋಡಿ ಎತ್ತು ಕಟ್ಟಿ ಎಳೆಯುವಾಗ ರೈತರು, “ಏನ್ ಮೂಕಪ್ಪಾ, ನಾಕ ಗಾಲಿ ಬಲ ಅಂತಿದ್ದಿ, ಈಗ ಅರವತ್ನಾಕ ಕಾಲ ಬೇಕಾದುವಲ್ಲೋ” ಎಂದು ನಗುತ್ತಿದ್ದರು.

ತಪ್ಪು ಡಿಫರೆನ್ಶಿಯಲ್ಲಿನದು. ಆಕ್ಸಲ್ಲಿನ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿದ ಕಬ್ಬಿಣದ ಗುಂಡು ಅದು, ಒಳಗೆಲ್ಲ ಹಲ್ಲಿನ ಚಕ್ರಗಳು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡಕ್ಕೂ ಅವುಗಳ ಪಾಲಿನ ಓಟ ಹಂಚಿಕೊಡುವುದು ಈ ಗುಂಡಿನ ಕೆಲಸ. ಕೆಸರಿನಲ್ಲಿ ಮಾತ್ರ ಇದೇ ಗುಣ ಮುಳುವಾಗುತ್ತದೆ. ಒಂದು ಗಾಲಿ ಜಾರಿದರೆ ಇದ್ದ ಓಟವನ್ನೆಲ್ಲ ಅದಕ್ಕೇ ಕೊಟ್ಟು, ಗಟ್ಟಿ ನೆಲ ಹಿಡಿದು ನಿಂತ ಗಾಲಿಯನ್ನು ಮರೆತುಬಿಡುತ್ತದೆ.

ಆಷಾಢದಲ್ಲಿ ಒಂದು ಬೆಳಿಗ್ಗೆ ಲಕ್ಷ್ಮಪ್ಪ ಶೆಡ್ಡಿಗೆ ಬಂದ. ಜಿನ್ನಿನ ಕೆಲಸಗಾರರು ನಾಲ್ಕೈದು ಜನ ಚಹಾ ಕುಡಿಯುತ್ತ ಅಲ್ಲೇ ಕೂತಿದ್ದರು.

“ಹುಬ್ಬಳ್ಯಾಗ ಒಬ್ಬಾಂವ ಒಳಗಿನ ಹಲ್ಲಿಗೆ ವೆಲ್ಡಿಂಗ್ ಹೊಡದು ಕೊಡತಾನಂತ. ಅರ್ಧಾ ದಿನದ ಕೆಲಸ. ಆಮ್ಯಾಲೆ ಎರಡೂ ಗಾಲಿ ಕೂಡೇ ತಿರಗತಾವ. ನೀ ಯಾಕ ಮಾಡವಲ್ಲಿ?”

“ಮಣ್ಣಾಗ ನಡೀತೈತಿ, ಸಾವ್ಕಾರ್ರ. ಗಟ್ಟಿ ದಾರ್ಯಾಗ ಕೊಲ್ಲತೈತಿ,” ಎಂದ ದಸ್ತಗೀರಸಾಬ. “ತಿರುವಿನ್ಯಾಗ ಎರಡೂ ಗಾಲಿ ಒಂದ ಸಮ ಓಡಿದ್ರ ಗಾಡಿ ತಿರಗೂದಿಲ್ಲ, ನೆಟ್ಟಗ ಹೋಗತೈತಿ. ಖಡಿ ಹೇರಿಕೊಂಡು ಗುಡ್ಡಾ ಇಳಿಯೂ ಮುಂದ ಆಕ್ಸಲ್ ಮುರೀತಂದ್ರ ಡ್ರೈವರನ ಹೆಣಾನ ಬರತೈತಿ. ಒಂದ ತಿಂಗಳ ಕೊಡ್ರಿ. ಬೇಕಾದಾಗ ಕಟ್ಟಿ, ಬ್ಯಾಡಾದಾಗ ಬಿಚ್ಚೂ ಹಂಗ ನಾ ಮಾಡಿ ಕೊಡತೀನಿ.”

“ಒಂದ ತಿಂಗಳ!” ಲಕ್ಷ್ಮಪ್ಪ ಕೂತವರ ಕಡೆ ತಿರುಗಿ ನಕ್ಕ. “ನೋಡ್ರಿಪಾ, ಫೌಜಿನ್ಯಾಗ ಗೋರೇರ ಗಾಡಿ ತೊಳದ ಬಂದಾಂವ ಎಂಜಿನಿಯರ್ ಆಗ್ಯಾನ.”

ಕೂತವರಲ್ಲಿ ಒಬ್ಬಿಬ್ಬರು ನಕ್ಕರು. ದಸ್ತಗೀರಸಾಬನ ಕೈಯಲ್ಲಿದ್ದ ಸುತ್ತಿಗೆ ಹಾರಿ ತಗಡಿನ ಗೋಡೆಗೆ ಬಡಿದು ಅಲ್ಲೊಂದು ತೂತು ಮಾಡಿತು.

“ಎದ್ದ ಹೋಗ್ರಿ! ಇನ್ನ ಮ್ಯಾಲೆ ನಿಮ್ಮ ಗಾಡಿ ನನ್ನ ನೆರಳಿಗೂ ಬರಬಾರದು!”

ಲಕ್ಷ್ಮಪ್ಪ ಧೋತರದ ಚುಂಗು ಹಿಡಿದು ಹೊರಟುಹೋದ. ಅದಾಗಿ ಇಪ್ಪತ್ತು ದಿನಕ್ಕೆ ಲಾರಿ ಬೆಟಗೇರಿಯ ದಾರಿಯಲ್ಲಿ ಬಂತು. ಶೆಡ್ಡಿನ ಮುಂದಿನ ತಿರುವಿನಲ್ಲಿ ಒಳಗಿನ ಹಿಂಗಾಲಿ ಕುಂಟುತ್ತ, ಟಯರು ನೆಲಕ್ಕೆ ಉಜ್ಜಿ ಕಿರುಚುತ್ತ, ರಸ್ತೆಯ ಮೇಲೆ ಕರೀ ಗೆರೆ ಎಳೆದುಕೊಂಡು ಬಂದದ್ದನ್ನು ದಸ್ತಗೀರಸಾಬ ಕಣ್ಣಾರೆ ಕಂಡ. ಕಂಡ ಕೂಡಲೇ ಅವನಿಗೆ ತಿಳಿಯಿತು, ಹುಬ್ಬಳ್ಳಿಯವನ ವೆಲ್ಡಿಂಗ್ ಬಿದ್ದಿದೆ.

ಮೂಕಪ್ಪ ಲಾರಿ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಲೇ ದೋಸ್ತ, ಸ್ಟೇರಿಂಗ್ ಯಾಕೋ ಭಾಳ ಬಿಗಿ ಆಗೈತಿ ನೋಡ. ಹುಬ್ಬಳ್ಯಾಗ ಸ್ಪ್ರಿಂಗಿಗೆ ಹೊಸಾ ಪಾಟಾ ಹಾಕಸೇನಿ, ನಾಕ ದಿನಾ ಓಡಿದ್ರ ಸಡಲ ಆಗತೈತಿ ಅಂತಾನ ಸಾವ್ಕಾರ. ಏನಂತಿ, ಒಂದೀಟ ನೋಡತಿಯೇನ?”

ಹೇಳಲು ಎರಡು ಮಾತು ಸಾಕಾಗಿತ್ತು. ಆದರೆ ದಸ್ತಗೀರಸಾಬನ ಕಿವಿಯಲ್ಲಿ ಆವತ್ತಿನ ನಗು ಇನ್ನೂ ಇತ್ತು. ಬರಲಿ, ಆ ಲಕ್ಷ್ಮಪ್ಪನೇ ಕೈಮುಗಿದು ಬರಲಿ, ಆಮೇಲೆ ಹೇಳೋಣ ಎಂದು ಒಳಗಿನ ಸಿಟ್ಟು ಹೇಳಿತು.

“ನಿಮ್ಮ ಸಾವ್ಕಾರನ್ನ ಕೇಳ ಹೋಗ. ಅವಗ ಎಲ್ಲಾ ಗೊತ್ತೈತಿ,” ಎಂದು ಬೆನ್ನು ತಿರುಗಿಸಿದ.

ಮೂಕಪ್ಪ ಒಂದು ಗಳಿಗೆ ಕಾದ. ದೋಸ್ತನ ಸಿಟ್ಟು ಅವನಿಗೆ ಹೊಸದೇನಲ್ಲ. “ಆತು ಬಿಡಪಾ, ನಿನ್ನ ಬಿಸಿ ಆರಿದ ಮ್ಯಾಲೆ ಬರತೀನಿ” ಎಂದು ನಕ್ಕು ಗೇರು ಹಾಕಿದ.

ಒಂಬತ್ತನೆಯ ದಿನ ಕಪ್ಪತಗುಡ್ಡದ ಇಳಿಜಾರಿನಲ್ಲಿ ಖಡಿ ತುಂಬಿದ ಲಾರಿ ಎರಡನೆಯ ತಿರುವಿಗೆ ತಿರುಗಲಿಲ್ಲ. ಮೂಕಪ್ಪ ಸ್ಟೇರಿಂಗನ್ನು ಎದೆಗೆ ಅಪ್ಪಿ ಎಳೆದ. ಬಂದೂಕು ಹಾರಿದ ಹಾಗೆ ಸದ್ದಾಗಿ ಒಂದು ಬದಿಯ ಆಕ್ಸಲ್ ಮುರಿಯಿತು. ಎಂಜಿನ್ನಿನ ತಡೆಯೆಲ್ಲ ಒಂದೇ ಹಿಂಗಾಲಿಗೆ ಬಿದ್ದು, ಲಾರಿ ಆ ಕಡೆಗೆ ಜಗ್ಗಿ, ಕೊರಕಲಿಗೆ ಮಗುಚಿತು. ಖಡಿ ಮುಂದಕ್ಕೆ ನುಗ್ಗಿ ಕ್ಯಾಬಿನ್ನನ್ನು ಅಪ್ಪಚ್ಚಿ ಮಾಡಿತು. ಗದಗಿನ ದವಾಖಾನೆಗೆ ಎತ್ತಿನ ಚಕ್ಕಡಿಯಲ್ಲಿ ಮಲಗಿಸಿ ತರುವ ಹೊತ್ತಿಗೆ ಮೂಕಪ್ಪನ ಎಡಗಾಲು ಕಾಲಾಗಿ ಉಳಿದಿರಲಿಲ್ಲ. ಡಾಕ್ಟರರು ಮೊಣಕಾಲಿನ ಕೆಳಗೆ ಕತ್ತರಿಸಿ ಜೀವ ಉಳಿಸಿದರು.

ದಸ್ತಗೀರಸಾಬ ದವಾಖಾನೆಯ ಬಾಗಿಲವರೆಗೆ ಓಡಿಹೋದ. ಒಳಗೆ ಹೋಗಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಗಲೇ ಇನ್ನೊಂದು ಸುದ್ದಿ ಬಂತು. ಲಕ್ಷ್ಮಪ್ಪ ಪೊಲೀಸ್ ಫೌಜದಾರನ ಮುಂದೆ, ಡ್ರೈವರ ಕುಡಿದಿದ್ದ ಎಂದು ಬರೆಸಿದ್ದಾನೆ. ಮುಂಬಯಿ ರಾಜ್ಯದಲ್ಲಿ ಆಗ ದಾರೂಬಂದಿ. ಕುಡಿದದ್ದೇ ಗುನ್ಹೆ, ಕುಡಿದು ಲಾರಿ ಹೊಡೆದದ್ದು ಅದಕ್ಕಿಂತ ದೊಡ್ಡದು. ಕಾಲು ಹೋದವನು ಗಾಯ ಮಾಗಿದ ಮೇಲೆ ನೇರ ಜೇಲಿಗೆ ಹೋಗಬೇಕು.

“ಹಂಗೋ,” ಎಂದ ದಸ್ತಗೀರಸಾಬ. ಶೆಡ್ಡಿಗೆ ಹೋಗಿ ಪಾನಾಗಳ ಚೀಲ ಹೆಗಲಿಗೆ ಹಾಕಿಕೊಂಡು ಮುಂಡರಗಿಯ ಬಸ್ಸು ಹತ್ತಿದ.

ಮರುದಿನ ಗುಡ್ಡದ ಬಳಿ ಪಂಚನಾಮೆ. ಫೌಜದಾರ, ಇಬ್ಬರು ಪಂಚರು, ಲಕ್ಷ್ಮಪ್ಪ. ಒಂದು ಕಲ್ಲಿನ ಮೇಲೆ, ಯಾರೂ ಕರೆಯದಿದ್ದರೂ ಬಂದು ಕೂತ ಮೂಕಪ್ಪನ ಹೆಂಡತಿ ಸಾವಂತ್ರೆವ್ವ. ದಸ್ತಗೀರಸಾಬ ಯಾರಿಗೂ ನಮಸ್ಕಾರ ಹೇಳಲಿಲ್ಲ. ಮಗುಚಿದ ಲಾರಿಯ ಹತ್ತಿರ ಹೋಗಿ ಹಿಂದಿನ ಗುಂಡಿನ ಮುಚ್ಚಳ ಬಿಚ್ಚತೊಡಗಿದ.

“ಏಯ್ ಸಾಬಾ, ನನ್ನ ಗಾಡಿಗೆ ಕೈ ಹಚ್ಚಬ್ಯಾಡ!” ಲಕ್ಷ್ಮಪ್ಪ ಮುಂದೆ ಬಂದ.

“ಫೌಜದಾರ ಸಾಹೇಬ್ರ, ಈ ಮನಶಾ ನನ್ನ ಮೈ ಮುಟ್ಟಿದ್ರ ಎರಡನೇ ಪಂಚನಾಮೆ ಬರೀಬೇಕಾಗತೈತಿ. ಐದ ಮಿನೀಟ ಹಿಡೀರಿ ಇವರನ್ನ.”

ಫೌಜದಾರ ಕೈ ಅಡ್ಡ ಹಿಡಿದ. ಕರೀ ಎಣ್ಣೆ ಕಲ್ಲಿನ ಮೇಲೆ ಸುರಿದುಹೋಯಿತು. ಒಳಗೆ, ಒಂದರೊಳಗೊಂದು ಬಿಡಿಯಾಗಿ ತಿರುಗಬೇಕಾದ ಹಲ್ಲುಗಳ ಮೇಲೆ ವೆಲ್ಡಿಂಗಿನ ಗಂಟುಗಳು, ಅಂಟು ಸುರಿದ ಹಾಗೆ. ದಸ್ತಗೀರಸಾಬ ಪಂಚರ ಬೆರಳು ಹಿಡಿದು ಅದರ ಮೇಲೆ ಆಡಿಸಿದ.

“ಮುಟ್ಟಿ ನೋಡ್ರಿ. ಇದು ಕುಡದಿತ್ತೇನ್ರಿ? ಇದು ಕುಡದಿತ್ತು ಅಂತ ಬರಕೋರಿ! ಡ್ರೈವರಗ ಹೊಸಾ ಪಾಟಾ ಹಾಕಸೇನಿ ಅಂತ ಸುಳ್ಳ ಹೇಳಿ, ಅವನ ಕುಂಡಿ ಕೆಳಗ ಇದನ್ನ ಇಟ್ಟ ಗುಡ್ಡಾ ಇಳಿಸ್ಯಾನ, ಈ ಸಾವ್ಕಾರ!”

ಲಕ್ಷ್ಮಪ್ಪನ ಮುಖ ಬೂದಿಯಾಯಿತು. ಫೌಜದಾರ ಗುಂಡಿನೊಳಗೆ ಬಗ್ಗಿ ನೋಡಿ, ಎದ್ದು, ನಿಧಾನಕ್ಕೆ ಕೇಳಿದ: “ಬಿಚ್ಚೂಕಿಂತ ಮೊದಲ ಇದು ನಿನಗ ಹೆಂಗ ಗೊತ್ತಾತು? ಪಾಟಾದ ಮಾತು ನಿನಗ ಯಾರು ಹೇಳಿದ್ರು?”

ಇಂಥದೊಂದು ಪ್ರಶ್ನೆ ಬರುತ್ತದೆ ಎಂದು ದಸ್ತಗೀರಸಾಬ ಎಣಿಸಿರಲಿಲ್ಲ. ಹುಡುಕಿದರೆ ಒಂದು ಸುಳ್ಳು ಸಿಗುತ್ತಿತ್ತೇನೋ. ಅವನು ಹುಡುಕಲಿಲ್ಲ.

“ಹತ್ತ ದಿನದ ಹಿಂದ ನನ್ನ ಶೆಡ್ಡಿನ ಮುಂದ ಹಾದ ಬಂತು. ಟಯರ ಉಜ್ಜೂದು ನೋಡೇ ಗೊತ್ತಾತು. ಮೂಕಪ್ಪ ಗಾಡಿ ನಿಲ್ಲಿಸಿ ಕೇಳಿದಾ. ನಾ ಹೇಳಲಿಲ್ಲ.”

ಸಾವಂತ್ರೆವ್ವ ಕಲ್ಲಿನಿಂದ ಎದ್ದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಎದುರಿಗೆ ನಿಂತಳು.

“ಯಾಕ ಹೇಳಲಿಲ್ಲಣ್ಣಾ?”

“ಸಿಟ್ಟಿತ್ತು, ತಂಗೆವ್ವಾ.”

“ಯಾರ ಮ್ಯಾಲೆ?”

ಅವನು ಲಕ್ಷ್ಮಪ್ಪನ ಕಡೆ ನೋಡಿದ.

“ಮತ್ತ ಅವನ ಕಾಲ ನೆಟ್ಟಗ ಅದಾವಲ್ಲ! ನಿನ್ನ ಸಿಟ್ಟು ಹೋಗಿ ಬಿದ್ದದ್ದು ಎಲ್ಲಿ? ನಿನ್ನ ರೊಟ್ಟಿ ತಿಂದಾಂವನ ಮ್ಯಾಲೆ! ಅಂವ ಮೋಸ ಮಾಡಿದಾ, ನೀ ಮೋಸ ನೋಡಿ ಸುಮ್ಮನ ಕುಂತಿ. ನಿಮ್ಮಿಬ್ಬರ ನಡುವ ನನ್ನ ಗಂಡನ್ನ ಅರದ ಇಟ್ರಿ!”

ಊರ ಮೇಲೆಲ್ಲ ಸಿಟ್ಟಾಗಿ ಬದುಕಿದ ದಸ್ತಗೀರಸಾಬನಿಗೆ ಆ ದಿನ ಮೊದಲ ಸಲ ತನ್ನ ಮೇಲೆಯೇ ಸಿಟ್ಟು ಬಂತು. ಅದನ್ನು ಎಸೆಯಲು ಎದುರಿಗೆ ಗೋಡೆ ಇರಲಿಲ್ಲ.

ಕುಡಿದ ಮಾತನ್ನು ಫೌಜದಾರ ಹೊಡೆದುಹಾಕಿದ. ಲಕ್ಷ್ಮಪ್ಪ ಹೆದರಿ ಹಿರಿಯರನ್ನು ಮುಂದೆ ಮಾಡಿಕೊಂಡು ರಾಜಿಗೆ ಬಂದ. ಏನು ಬೇಕು ಕೇಳಮ್ಮಾ ಎಂದು ಹಿರಿಯರು ಅಂದಾಗ ಸಾವಂತ್ರೆವ್ವ, “ಆ ಗಾಡಿ ನನಗ ಬೇಕು. ನನ್ನ ಹೆಸರಿಗೆ ಬರದ ಕೊಡ್ರಿ” ಎಂದಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುರಿದ ಲಾರಿ ತಗೊಂಡು ಹೆಂಗಸು ಏನು ಮಾಡುತ್ತಾಳೆ? ಅವಳ ಲೆಕ್ಕವೇ ಬೇರೆ ಇತ್ತು. ಹೊಂಬಳದಿಂದ, ಅಂತೂರ ಬೆಂತೂರದಿಂದ ಗದಗಿನ ಪೇಟೆಗೆ ಶೇಂಗಾ, ಹತ್ತಿ ಸಾಗಿಸುವವರು ಪ್ರತಿವರ್ಷ ಚಕ್ಕಡಿ ಸಾಲದೆ ಒದ್ದಾಡುತ್ತಿದ್ದರು. ಮೂಕಪ್ಪನಿಗೆ ಕಾಲು ಹೋದರೂ ಲಾರಿಯ ಮರ್ಮವೆಲ್ಲ ತಲೆಯಲ್ಲಿತ್ತು.

ತನ್ನ ಹೆಸರಿಗಾದ ಆ ಲಾರಿ ಎಳೆಸಿಕೊಂಡು ಅವಳು ಬಂದದ್ದು ಬೆಟಗೇರಿಯ ಶೆಡ್ಡಿಗೇ.

“ನಿನ್ನ ಮ್ಯಾಲಿನ ಸಿಟ್ಟು ನನಗ ಹೋಗಿಲ್ಲ. ಆದ್ರ ಇದನ್ನ ರಿಪೇರಿ ಮಾಡಾಕ ನಿನ್ನಷ್ಟ ಶಾಣ್ಯಾ ಬ್ಯಾರೆ ಯಾರೂ ಇಲ್ಲ. ಮಾಡತೀಯೋ ಇಲ್ಲೋ?”

ದಸ್ತಗೀರಸಾಬ ಅಂದೇ ಕೆಲಸ ಹಿಡಿದ. ಮೂಕಪ್ಪ ಕೋಲೂರಿಕೊಂಡು ಹೆಂಡತಿಯ ಜೊತೆ ಬರುತ್ತಿದ್ದ. ಬಂದು ಕೂತು, ಲಾರಿಯ ಕಡೆ ನೋಡುತ್ತಿದ್ದ. ದೋಸ್ತನ ಕಡೆ ನೋಡುತ್ತಿರಲಿಲ್ಲ. ರೊಟ್ಟಿ ಮುಂದಿಟ್ಟರೆ ಪಕ್ಕಕ್ಕೆ ಸರಿಸುತ್ತಿದ್ದ.

ಕ್ಯಾಬಿನ್ ಎದ್ದಿತು, ಹೊಸ ಆಕ್ಸಲ್ ಸಿಕ್ಕಿತು. ಆದರೆ ವೆಲ್ಡಿಂಗ್ ಬಿದ್ದ ಹಲ್ಲು ಮತ್ತೆ ಕೆಲಸಕ್ಕೆ ಬಾರದು. ಆ ಜಾಗಕ್ಕೆ ಏನು ಹಾಕಬೇಕು? ಸಾದಾ ಡಿಫರೆನ್ಶಿಯಲ್ ಹಾಕಿದರೆ ಎರೆಹೊಲದಲ್ಲಿ ಮತ್ತೆ ಎಂಟು ಜೋಡಿ ಎತ್ತು. ಈಜಿಪ್ತಿನಲ್ಲಿ ಜರ್ಮನರಿಂದ ಕಸಿದು ತಂದ ಸಣ್ಣ ಗಾಡಿಗಳಲ್ಲಿ, ಗಾಲಿಯನ್ನು ಅಷ್ಟು ಜಾರಲು ಬಿಟ್ಟು ಇಷ್ಟು ಹಿಡಿದುಕೊಳ್ಳುವ ಒಂದು ಬಗೆಯನ್ನು ದಸ್ತಗೀರಸಾಬ ಕಂಡಿದ್ದ. ಅದು ಈ ದೇಶದಲ್ಲಿ ಸಿಗುವಂಥದಲ್ಲ. ಪುಣೆಗೆ ಹೋಗಿ ಗುಜರಿಯಲ್ಲಿ ನಾಲ್ಕು ದಿನ ಕೆದಕಿ, ಅಮೇರಿಕದ ಫೌಜಿ ಲಾರಿಯೊಂದರಿಂದ ಬಿಚ್ಚಿದ ಬೇರೊಂದು ಬಗೆಯ ಡಿಫರೆನ್ಶಿಯಲ್ಲನ್ನು ತಂದ. ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದ.

“ಇದು ತಾನ ಕಚ್ಚತೈತಿ, ತಾನ ಬಿಡತೈತಿ, ತಂಗೆವ್ವಾ,” ಎಂದು ತೋರಿಸಿದ. “ನೆಟ್ಟಗ ಹೋಗೂ ಮುಂದ ಎರಡೂ ಗಾಲಿ ಹಿಡಕೊಂಡಿರತೈತಿ. ತಿರುವು ಬಂತಂದ್ರ ಹೊರಗಿನ ಗಾಲಿ ಬಿಡತೈತಿ, ತಿರುವು ಮುಗದ ಕೂಡ್ಲೆ ಖಟ್ ಅಂತ ಮತ್ತ ಕಚ್ಚತೈತಿ. ಡ್ರೈವರ ಏನೂ ಮಾಡೂದ ಬ್ಯಾಡ.”

ಸಾವಂತ್ರೆವ್ವ ಅದನ್ನು ತೆಂಗಿನಕಾಯಿಯ ಹಾಗೆ ಕೈಯಲ್ಲಿ ತಿರುಗಿಸಿ ನೋಡಿದಳು. “ಒಳಗಿನ ಹಲ್ಲ ಸವದ್ರ ಡ್ರೈವರಗ ಹೆಂಗ ಗೊತ್ತಾಗತೈತಿ?”

“ಬಿಚ್ಚಿ ನೋಡಬೇಕು.”

“ಬಿಚ್ಚೂಕಿಂತ ಮೊದಲ, ಬಿಡಬೇಕಾದಲ್ಲೇ ಬಿಡಲಿಲ್ಲಂದ್ರ?”

“ಇದು ಹಂಗ ಆಗೂ ಮಾಲಲ್ಲ, ತಂಗೆವ್ವಾ. ಅಮೇರಿಕಾದ್ದು.”

“ಆದ್ರ?”

ಅವನು ಕೈಗೆ ಹತ್ತಿದ ಎಣ್ಣೆ ಒರೆಸಿಕೊಂಡ.

“ಕೆಟ್ರ ಇದರ ಸಾಮಾನ ಎಲ್ಲಿ ಸಿಗತಾವ?”

“ಪುಣೇದಾಗ. ಅದೂ ನಸೀಬ ಇದ್ರ.”

ಅವಳು ಅದನ್ನು ಕೆಳಗಿಟ್ಟಳು. “ಮತ್ತ ಆವತ್ತ ಸಾವ್ಕಾರಗ ಹೇಳಿದ್ದಿಯಂತಲ್ಲ, ಬೇಕಾದಾಗ ಕಟ್ಟಿ ಬ್ಯಾಡಾದಾಗ ಬಿಚ್ಚೂದು, ಅದ್ಯಾಕ ಬ್ಯಾಡ?”

ದಸ್ತಗೀರಸಾಬನ ರಕ್ತ ಮತ್ತೆ ಕಾಯಿತು. ನಾಲ್ಕು ದಿನ ಗುಜರಿಯ ತುಕ್ಕು ತಿಂದು ತಂದ ಮಾಲು, ಫೌಜು ಒಪ್ಪಿದ ಮಾಲು. ಹೊಲಗೆಲಸದ ಹೆಂಗಸು ಅದನ್ನು ಬೇಡ ಅನ್ನುವುದೇ? “ಅದು ಕೈಲೆ ಜಗ್ಗೂದು! ಕೆಸರ ದಾಟಿದ ಮ್ಯಾಲೆ ಬಿಚ್ಚಾಕ ಡ್ರೈವರ ಮರತ್ರ ಅದೂ ವೆಲ್ಡಿಂಗನ! ಅಷ್ಟೂ ತಿಳೀದೇನ ನಿನಗ?” ಎಂದು ಕೂಗಿದ.

ಸಾವಂತ್ರೆವ್ವ ಅವನಿಗಿಂತ ಜೋರಾಗಿ ಕೂಗಿದಳು: “ಮರೀಲಿ! ಮರತ್ರ ಅದು ಅವನ ತಪ್ಪು. ಕೈಯಾಗ ಹಿಡಿಕಿ ಇತ್ತು, ಕಟ್ಟಿದ್ದು ಗೊತ್ತಿತ್ತು, ಮರತಾ. ನನ್ನ ಗಂಡಗ ಏನ ಗೊತ್ತಿತ್ತು? ತನ್ನ ಕೆಳಗ ಏನೈತಿ ಅನ್ನೂದ ಗೊತ್ತಿರಲಿಲ್ಲ ಅವಗ! ತಾನ ಕಚ್ಚೂದು ತಾನ ಬಿಡೂದು ನನಗ ಬ್ಯಾಡಣ್ಣಾ. ಕಟ್ಟಿದ್ರ ಕಟ್ಟೇತಿ ಅಂತ ಡ್ರೈವರಗ ತಿಳೀಬೇಕು. ಅಂಥಾದ್ದ ಮಾಡು.”

ದಸ್ತಗೀರಸಾಬ ಪುಣೆಯ ಗುಂಡನ್ನು ಕಾಲಿನಿಂದ ಒದ್ದು, ಬೆರಳು ಜಜ್ಜಿಕೊಂಡು, ಕುಂಟುತ್ತ ಹೊರಗೆ ಹೋದ. ಮರುದಿನ ಜಿನ್ನಿನ ಲೇತ್ ಯಂತ್ರದ ಮುಂದೆ ನಿಂತಿದ್ದ.

ಸಾದಾ ಡಿಫರೆನ್ಶಿಯಲ್ಲಿನ ಪಕ್ಕದಲ್ಲಿ, ಆಕ್ಸಲ್ಲಿನ ಮೇಲೆ ಸರಿದಾಡುವ ಒಂದು ಹಲ್ಲಿನ ಬಳೆ. ಸರಿಸಿದರೆ ಡಿಫರೆನ್ಶಿಯಲ್ಲಿನ ಕವಚಕ್ಕೆ ಕಚ್ಚಿಕೊಂಡು ಎರಡೂ ಗಾಲಿಗಳು ಒಂದಾಗಬೇಕು. ಹಿಂದೆ ಸರಿಸಿದರೆ ಬಿಡಿಯಾಗಬೇಕು. ಮೊದಲು ಮಾಡಿದ ಬಳೆಯ ಹಲ್ಲುಗಳು ಪರೀಕ್ಷೆಯಲ್ಲೇ ಉದುರಿಹೋದವು. ಎರಡನೆಯದಕ್ಕೆ ಕಬ್ಬಿಣ ಬದಲಿಸಿ, ಕಾಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿದ. ಅಲ್ಲಿಂದ ಒಂದು ಸಲಾಕೆ ಕ್ಯಾಬಿನ್ನಿಗೆ ಬಂದು, ಸಾವಂತ್ರೆವ್ವ ಹೇಳಿದ ಹಾಗೆ, ಕಟ್ಟಿದಾಗ ಡ್ರೈವರನ ಮೊಣಕಾಲಿಗೆ ತಾಗುವಂಥ ಹಿಡಿಕೆಯಾಗಿ ನಿಂತಿತು. ಲಾರಿ ನಡೆಸಲು ಯಾರನ್ನು ಇಡುವುದು ಎಂಬ ಮಾತು ಬಂದಾಗ ದಸ್ತಗೀರಸಾಬ, “ಈ ಸುಗ್ಗಿಗೆ ನಾನ ಹೊಡೀತೀನಿ” ಎಂದ. ಶೆಡ್ಡು ಹಗಲೆಲ್ಲ ಮುಚ್ಚಿರುವಂತಾಯಿತು.

ಐವತ್ತಾರರ ಸ್ವಾತಿ ಮಳೆ ಶೇಂಗಾ ಕಿತ್ತ ಹೊತ್ತಿಗೆ ಸರಿಯಾಗಿ ಬಿತ್ತು. ಹೊಂಬಳದ ಹೊಲದಲ್ಲಿ ಚೀಲ ಹೇರಿಕೊಂಡು ಲಾರಿ ಹೊರಟಿತು. ಸ್ಟೇರಿಂಗಿನ ಹಿಂದೆ ದಸ್ತಗೀರಸಾಬ, ಪಕ್ಕದಲ್ಲಿ ಕೋಲು ಹಿಡಿದ ಮೂಕಪ್ಪ, ಹಿಂದೆ ಚೀಲಗಳ ಮೇಲೆ ಸಾವಂತ್ರೆವ್ವ. ಅರ್ಧ ದಾರಿಯಲ್ಲಿ ಒಂದು ಹಿಂಗಾಲಿ ಜಾರಿ ಗಿರಗಿರ ತಿರುಗತೊಡಗಿತು. ಬದುವಿನ ಮೇಲಿನ ರೈತರು ಎತ್ತಿನ ಹಗ್ಗಕ್ಕೆ ಕೈ ಹಾಕಿದರು. ದಸ್ತಗೀರಸಾಬ ಲಾರಿ ನಿಲ್ಲಿಸಿ, ಹಿಡಿಕೆ ಎಳೆದು, ಮೆಲ್ಲಗೆ ಕ್ಲಚ್ಚು ಬಿಟ್ಟ. ಅಡಿಯಲ್ಲಿ ಬಳೆ ಕಚ್ಚಿದ್ದು ಕಾಲಿಗೆ ಅರಿವಾಯಿತು. ಲಾರಿ ಒಮ್ಮೆ ನಡುಗಿತು. ಎರಡೂ ಗಾಲಿ ಒಟ್ಟಿಗೆ ಮಣ್ಣು ಹಿಡಿದು, ನೇಗಿಲು ಎಳೆದ ಹಾಗೆ ಎರಡು ಸಾಲು ಬಿಡುತ್ತ, ಕೆಸರಿನಿಂದ ಎದ್ದು ಬಂತು. ರೈತರು ಹೋ ಎಂದು ಕೂಗಿದರು.

ಆ ಕೂಗಿನ ಹಿಗ್ಗಿನಲ್ಲಿ ಗಟ್ಟಿ ರಸ್ತೆ ಹತ್ತಿದ್ದೇ ದಸ್ತಗೀರಸಾಬನಿಗೆ ತಿಳಿಯಲಿಲ್ಲ. ಮುಂದೆ ತಿರುವು ಬಂತು.

“ಹಿಡಿಕಿ ಬಿಡಲೇ, ಹುಚ್ಚ ಸಾಬಾ!” ಮೂಕಪ್ಪ ಸಿಡಿದ. ಕೋಲಿನಿಂದ ಅವನ ಮೊಣಕಾಲಿಗೆ ಬಲವಾಗಿ ಒಂದು ಕೊಟ್ಟ. “ಒಂದ ಕಾಲ ತಗೊಂಡದ್ದು ಸಾಲಲಿಲ್ಲೇನ ನಿನಗ? ಇನ್ನೊಂದೂ ಬೇಕಾತೇನ? ಬಿಡ ಅಂದ್ರ!”

ದಸ್ತಗೀರಸಾಬ ಬ್ರೇಕು ಒತ್ತಿ ಹಿಡಿಕೆ ಬಿಟ್ಟ. ಲಾರಿ ತಿರುವಿನಲ್ಲಿ ಹಗುರಾಗಿ ತಿರುಗಿತು. ಹದಿನಾಲ್ಕು ತಿಂಗಳಲ್ಲಿ ಮೂಕಪ್ಪ ಅವನ ಕೂಡ ಆಡಿದ ಮೊದಲ ಮಾತು ಅದು. ಗದಗಿನ ಪೇಟೆ ಬರುವತನಕ ಅವನು ಬೈಗುಳ ನಿಲ್ಲಿಸಲಿಲ್ಲ. ಒಂದು ವರ್ಷದಿಂದ ಒಳಗಿಟ್ಟುಕೊಂಡದ್ದನ್ನೆಲ್ಲ ಬೈದ, ಅತ್ತ, ಮತ್ತೆ ಬೈದ. ದಸ್ತಗೀರಸಾಬ ಕಣ್ಣು ರಸ್ತೆಯ ಮೇಲಿಟ್ಟು, ಒಂದಕ್ಕೂ ಎದುರು ಹೇಳದೆ ಎಲ್ಲ ಕೇಳಿಸಿಕೊಂಡ.

ಮುಂದಿನ ವಾರ ಕನ್ನಡ ನಾಡು ಒಂದಾಯಿತು. ಗದಗಿನಲ್ಲಿ ತೋರಣ, ಮೆರವಣಿಗೆ, ಭಾಷಣ. ನೋಡಲು ಹೋದ ದಸ್ತಗೀರಸಾಬ ನಡುವೆಯೇ ಸಿಡಿಮಿಡಿಗುಟ್ಟುತ್ತ ಮನೆಗೆ ಬಂದ. ವೇದಿಕೆಯ ಮೇಲೆ, ಕೊರಳಲ್ಲಿ ಹಾರ ಹಾಕಿಕೊಂಡು, ಲಕ್ಷ್ಮಪ್ಪ ಕೂತಿದ್ದ.

“ಇವತ್ತೊಂದ ದಿನಾರ ನಗ್ರಿ,” ಎಂದಳು ಮಾಸುಮಬಿ.

“ನಾಡು ಕೂಡಿದ್ದಕ್ಕ ನನಗೂ ಖುಷಿ ಐತಿ. ಅಂವ ಮ್ಯಾಲೆ ಕುಂತದ್ದಕ್ಕ ಸಿಟ್ಟೈತಿ. ಎರಡೂ ಖರೇನ.”

ಅವಳು ಇಟ್ಟ ಪೇಡೆಯಲ್ಲಿ ಅರ್ಧ ತಿಂದ. ಹೊರಗೆ ಮೂಕಪ್ಪ ಆಗಲೇ ಕೋಲಿನಿಂದ ಬಾಗಿಲು ಬಡಿಯುತ್ತಿದ್ದ. ಬೆಂತೂರಿನಲ್ಲಿ ಇನ್ನೊಂದು ಹೇರು ಶೇಂಗಾ ಕಾಯುತ್ತಿತ್ತು, ಮೋಡ ಮತ್ತೆ ಕಟ್ಟಿತ್ತು.